ನೂರಿಪ್ಪತ್ತು ಕಿಲೋದವರೆಗೆ

೨೦೧೯ನೇ ಇಸವಿ ನವೆಂಬರ್ ೨, ಶನಿವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ವೀಬೆ ಹೂಕ್‌ಸ್ಟ್ರಾ ತನ್ನ ಐವತ್ತನೇ ಹುಟ್ಟುಹಬ್ಬದ ಉಡುಗೊರೆಯ ಮೇಲೆ ಮೊದಲ ಸಲ ಕುಳಿತ. ಎಂಟು ಹನ್ನೊಂದಕ್ಕೆ ಅವನು ನೆಲದ ಮೇಲಿದ್ದ.

ಉಡುಗೊರೆ ಒಂದು ಆರಾಮ ಕುರ್ಚಿ. ಹೆಂಡತಿ ರೆನ್ಸ್ಕೆ ಕೊಡಿಸಿದ್ದು. ಬುಧವಾರವೇ ಮನೆಗೆ ಬಂದಿದ್ದರೂ ಹುಟ್ಟಿದ ದಿನದ ತನಕ ಯಾರೂ ಕೂರಕೂಡದೆಂದು ಅವಳು ಅದಕ್ಕೊಂದು ಚಾದರ ಹೊದಿಸಿಟ್ಟಿದ್ದಳು. ಈ ಬೆಳಿಗ್ಗೆ ಅವಳು ಮೇಲೆ ಸ್ನಾನ ಮಾಡುತ್ತಿದ್ದಾಗ ವೀಬೆ ಚಾದರ ಸರಿಸಿ, ಕಾಫಿ ಲೋಟ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ಕೂತ. ಹೊರಗೆ ಅಂಗಳದಲ್ಲಿ, ಅವನು ನಿರೀಕ್ಷಿಸಿದ್ದಂತೆಯೇ, ಅಬ್ರಹಾಮ ನಿಂತಿದ್ದ. ಹಾರ್ಲಿಂಗೆನ್ ಎಂಬ ಆ ಬಂದರು ಊರಲ್ಲಿ ಗಂಡಸಿಗೆ ಐವತ್ತು ತುಂಬಿದರೆ ನೆರೆಯವರು ಬೆಳಕು ಹರಿಯುವ ಮುಂಚೆ ಅವನ ಅಂಗಳದಲ್ಲಿ ಅಬ್ರಹಾಮನೆಂಬ ಆಳೆತ್ತರದ ಗಡ್ಡದ ಬೊಂಬೆಯೊಂದನ್ನು ತಂದು ನಿಲ್ಲಿಸಲೇಬೇಕು. ಈ ಬೊಂಬೆ ವೀಬೆಯ ಹಳೆಯ ಕೋಟನ್ನೂ ಅವನದೇ ರಬ್ಬರ್ ಬೂಟುಗಳನ್ನೂ ತೊಟ್ಟಿತ್ತು. ಹೊಟ್ಟೆ ಸ್ವಲ್ಪ ಅತಿಯಾಯಿತು ಎಂದು ವೀಬೆಗೆ ಅನ್ನಿಸಿತು. ಹಾಗೆ ಅನ್ನಿಸುತ್ತಿದ್ದ ಹೊತ್ತಿನಲ್ಲೇ ಅವನ ಕೆಳಗೆ ಕರಕ್ ಎಂದಿತು. ಕುರ್ಚಿಯ ಹಿಂದಿನ ಎಡಗಾಲು ಸುಸ್ತಾದ ಕುದುರೆಯ ಹಾಗೆ ಮಡಚಿಕೊಂಡಿತು.

ಪೆಟ್ಟಾಗಲಿಲ್ಲ, ನೋವಾಗಿದ್ದರೆ ಒಳ್ಳೆಯದಿತ್ತು. ನಾಚಿಕೆಗೆ ಹಚ್ಚಲು ಮುಲಾಮು ಇಲ್ಲ.

ಯಾಕೆಂದರೆ ಮೂರು ವಾರದ ಹಿಂದೆ ಅಂಗಡಿಯಲ್ಲಿ ನಡೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಈ ಕುರ್ಚಿ ಎರಡು ಬಗೆಯಲ್ಲಿ ಸಿಗುತ್ತದೆ, ಮಾಮೂಲಿಯದು ನೂರಿಪ್ಪತ್ತು ಕಿಲೋದವರೆಗೆ, ಗಟ್ಟಿಯದು ನೂರರವತ್ತರವರೆಗೆ, ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಮಾರುವ ಹುಡುಗಿ ಹೇಳಿದ್ದಳು. ರೆನ್ಸ್ಕೆ ಗಂಡನ ಕಡೆ ತಿರುಗಿ, ಈಗ ನಿನ್ನ ತೂಕ ಎಷ್ಟು ಎಂದು ಕೇಳಿದ್ದಳು. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. "ನೂರಾ ನಾಲ್ಕು," ಎಂದಿದ್ದ ವೀಬೆ. ಅದು ಪೂರ್ತಿ ಸುಳ್ಳಲ್ಲ. ಎಂಟು ವರ್ಷದ ಹಿಂದಿನ ನಿಜ. ಜಲಮಂಡಳಿಯಲ್ಲಿ ಕಾಲುವೆ ನೀರಿನ ಮಟ್ಟವನ್ನು ದಿನಕ್ಕೆರಡು ಸಲ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದಿಡುವುದೇ ಅವನ ಕೆಲಸ. ಆದರೆ ತನ್ನದೇ ಮಟ್ಟ ಏರುತ್ತಿರುವುದನ್ನು ನೋಡುವ ಧೈರ್ಯ ಅವನಿಗೆ ಆಮೇಲೆ ಬಂದಿರಲಿಲ್ಲ.

ಮುರಿದ ಕಾಲಿನ ಕೆಳಗೆ ನಾಲ್ಕು ದಪ್ಪ ಪುಸ್ತಕಗಳನ್ನು ಒಟ್ಟಿ, ಚಾದರ ಮತ್ತೆ ಹೊದಿಸಿ, ವೀಬೆ ವಾರಂಟಿ ಕಾಗದ ಹಿಡಿದು ಪಾಯಖಾನೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಊರಿನ ಎಲ್ಲರ ಮನೆಯಂತೆ ಅಲ್ಲಿಯೂ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುತ್ತಿತ್ತು. ಎರಡನೇ ತಾರೀಕಿನ ಎದುರು ಅವನ ಹೆಸರು. ಅದರ ಕೆಳಗೆ ಕೂತು ಓದಿದ. ಚೌಕಟ್ಟಿಗೆ ಹತ್ತು ವರ್ಷ ವಾರಂಟಿ. ಸಾಮಾನ್ಯ ಗೃಹಬಳಕೆಗೆ ಮಾತ್ರ. ನೂರಿಪ್ಪತ್ತು ಕಿಲೋ ಮೀರಿದ ಭಾರ ಒಮ್ಮೆ ಬಿದ್ದರೂ ವಾರಂಟಿ ಇಲ್ಲ. 'ಒಮ್ಮೆ' ಎಂಬ ಪದದ ಮೇಲೆ ಅವನ ಕಣ್ಣು ನಿಂತುಬಿಟ್ಟಿತು. ಅವನು ಕೂತಿದ್ದೂ ಒಮ್ಮೆಯೇ.

ಬಟ್ಟೆ ಒಗೆಯುವ ಯಂತ್ರದ ಹಿಂದಿದ್ದ ತೂಕದ ಹಲಗೆಯನ್ನು ಎಳೆದು ನಿಂತು ನೋಡಿದ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಅವನಿಗೆ ಬೇಸರವಾಗಬೇಕಿತ್ತು, ಸಮಾಧಾನವಾಯಿತು.

ರೆನ್ಸ್ಕೆ ಇಳಿದು ಬಂದು ಚಾದರ ಎತ್ತಿ ನೋಡಿದಾಗ, ಸುಮ್ಮನೆ ಕೈ ಊರಿದೆ, ಮುರಿಯಿತು ಎಂದ. ಅವಳು ಅವನ ಪ್ಯಾಂಟಿನ ಮೇಲೆ ಚೆಲ್ಲಿದ್ದ ಕಾಫಿಯನ್ನು ನೋಡಿದಳು, ಅಂಗಡಿಗೆ ಫೋನು ಮಾಡಿದಳು. ಅವರ ರಿಪೇರಿಯವನು ಇವತ್ತು ಹಾರ್ಲಿಂಗೆನ್ ಊರಲ್ಲೇ ಇದ್ದಾನಂತೆ. ಎರಡರಿಂದ ನಾಲ್ಕರೊಳಗೆ ಬರುತ್ತಾನಂತೆ.

ನೆಂಟರು, ನೆರೆಯವರು ಬರುವುದೂ ಎರಡು ಗಂಟೆಗೇ.

ಎರಡೂ ಕಾಲಿಗೆ ಹಜಾರದಲ್ಲಿ ಹನ್ನೊಂದು ಕುರ್ಚಿಗಳು ವೃತ್ತಾಕಾರವಾಗಿ ತುಂಬಿದ್ದವು. ಬಂದವರೆಲ್ಲ ಪದ್ಧತಿಯಂತೆ ವೀಬೆಯ ಕೈ ಕುಲುಕಿ, ಆಮೇಲೆ ರೆನ್ಸ್ಕೆಗೆ ಗಂಡನ ಹುಟ್ಟುಹಬ್ಬಕ್ಕಾಗಿ, ಅವಳ ಅಕ್ಕನಿಗೆ ತಂಗಿಯ ಗಂಡನ ಹುಟ್ಟುಹಬ್ಬಕ್ಕಾಗಿ, ಪಕ್ಕದ ಮನೆಯ ಊಬಲೆ ಮತ್ತು ಗ್ರೀತ್ ದಂಪತಿಗೆ ನೆರೆಯವನ ಹುಟ್ಟುಹಬ್ಬಕ್ಕಾಗಿ ಅಭಿನಂದನೆ ಹೇಳಿ ಕೂತರು. ಗುಲಾಬಿ ಸಕ್ಕರೆ ಹೊದಿಸಿದ ಕೇಕು ತಲೆಗೊಂದು ತುಂಡು ಬಂತು. ವೀಬೆ ಮಾತ್ರ ನಿಂತೇ ಇದ್ದ.

"ಉಡುಗೊರೆ ಕುರ್ಚಿ ಇಟ್ಕೊಂಡು ಯಾಕಯ್ಯ ಬಸ್ಸಿಗೆ ಕಾಯೋ ಹಾಗೆ ನಿಂತಿದ್ದೀಯ?" ಎಂದ ಊಬಲೆ. ಎಪ್ಪತ್ತು ದಾಟಿದ ಮುದುಕ. ಮೂವತ್ತೊಂದು ವರ್ಷ ಬಂದರಿನ ಮೀನು ಹರಾಜುಕಟ್ಟೆಯಲ್ಲಿ ತೂಕದವನಾಗಿದ್ದವನು.

ಸೊಂಟ ಹಿಡಿದಿದೆ ಎಂದು ವೀಬೆ ಹೇಳುವಷ್ಟರಲ್ಲಿ ಕರೆಗಂಟೆ ಬಾರಿಸಿತು. ಯೋರಿತ್ ಎಂಬ ರಿಪೇರಿಯ ಯುವಕ ಒಳಗೆ ಬಂದು, ಪದ್ಧತಿ ಬಿಡಲಾರದೆ ಹನ್ನೊಂದು ಜನರ ಕೈಯನ್ನೂ ಕುಲುಕಿ, ಕೇಕು ತಿಂದು, ಚಾದರ ಎತ್ತಿದ. ಪುಸ್ತಕಗಳು ಎಲ್ಲರಿಗೂ ಕಂಡವು.

ಯೋರಿತ್ ಬಹಳ ಮರ್ಯಾದಸ್ಥ. ಆದರೆ ಅವನ ಹಾಳೆಯಲ್ಲಿ ಪ್ರಶ್ನೆಗಳಿದ್ದವು, ಅವನ್ನು ಅವನು ಗಟ್ಟಿಯಾಗಿಯೇ ಓದುತ್ತಿದ್ದ. ಬೇರೆ ಯಾರಾದರೂ ಕೂತಿದ್ದರೇ? ಇಲ್ಲ, ತಾನೊಬ್ಬನೇ ಎಂದ ವೀಬೆ. ಕೈ ಊರಿದ ಕತೆ ಅಲ್ಲಿಗೆ ಮುಗಿಯಿತು. ಕೂತವರ ತೂಕ?

"ನೂರಾ ನಾಲ್ಕು," ಎಂದ ವೀಬೆ, ಕೇಕಿನ ತಟ್ಟೆಗೆ.

ಊಬಲೆ ಕೆಮ್ಮಿದ. ಹರಾಜುಕಟ್ಟೆಯಲ್ಲಿ ಬುಟ್ಟಿಯ ತಳದಲ್ಲಿ ಮಂಜುಗಡ್ಡೆ ಇಟ್ಟವರನ್ನು ಕಂಡಾಗ ಕೆಮ್ಮುತ್ತಿದ್ದ ಕೆಮ್ಮು ಅದು. ಅನುಮಾನಕ್ಕೆ ಜಾಗವೇ ಬೇಡ, ಹರಾಜುಕಟ್ಟೆಯ ಹಳೆಯ ತೂಕದ ಯಂತ್ರ ತನ್ನ ಕೊಟ್ಟಿಗೆಯಲ್ಲೇ ಇದೆ, ಈಗಲೇ ತರುತ್ತೇನೆ, ವೀಬೆಗೆ ನ್ಯಾಯ ಸಿಗಲಿ ಎಂದ. ಬೇಡವೆಂದು ವೀಬೆ ಮೂರು ಸಲ ಹೇಳಿದ. ಅಷ್ಟರಲ್ಲಿ ಯಂತ್ರ ತಳ್ಳುಗಾಡಿಯಲ್ಲಿ ಬಂದು ವೃತ್ತದ ನಟ್ಟನಡುವೆ ನಿಂತಿತ್ತು. ಗಡಿಯಾರದಂಥ ದೊಡ್ಡ ಮುಖ, ಒಂದು ಉದ್ದ ಮುಳ್ಳು. ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ.

ವೀಬೆ ಬೂಟು ಕಳಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಹತ್ತಿ ನಿಂತ. ಮುಳ್ಳು ನೂರಾ ನಾಲ್ಕನ್ನು ಗುರುತೇ ಇಲ್ಲದವರಂತೆ ದಾಟಿ ಹೋಯಿತು. ನೂರಾ ಹತ್ತು, ನೂರಾ ಹದಿನೈದು. ವೀಬೆ ಉಸಿರು ಬಿಗಿಹಿಡಿದ. ಅದರಿಂದ ತೂಕ ಕಡಿಮೆಯಾಗುವುದಿಲ್ಲವೆಂದು ತಿಳಿದೂ ಹಿಡಿದ.

"ನೂರಾ ಹದಿನೇಳೂ ಮುಕ್ಕಾಲು," ಎಂದು ಊಬಲೆ ಹರಾಜಿನ ದನಿಯಲ್ಲಿ ಕೂಗಿದ.

ವೀಬೆಯ ಕಿವಿಗಳು ಕೇಕಿಗಿಂತ ಕೆಂಪಾದವು. ಹದಿಮೂರೂ ಮುಕ್ಕಾಲು ಕಿಲೋ ಸುಳ್ಳನ್ನು ಅವನು ಇಡೀ ಬೀದಿಯ ಎದುರು ಹೊತ್ತು ನಿಂತಿದ್ದ. ಹೆಂಡತಿಯ ಮುಖ ನೋಡದೆ, ತಪ್ಪಾಯಿತು ರೆನ್ಸ್ಕೆ ಎಂದ.

"ನನಗೆ ಗೊತ್ತಿತ್ತು ಕಣೋ. ನಿನ್ನ ಪ್ಯಾಂಟು ಕೊಳ್ಳೋದು ಯಾರು?"

"ಹಾಗಾದ್ರೆ ಅಂಗಡೀಲಿ ಗಟ್ಟಿಯದೇ ಇರ್ಲಿ ಅನ್ನಬಹುದಿತ್ತಲ್ಲ."

"ಆ ಹುಡುಗಿ ಮುಂದೆ ನಿನ್ನ ಮರ್ಯಾದೆ ತೆಗೀಬಾರ್ದು ಅಂತ ಸುಮ್ಮನಾದೆ."

ಆಗ ಯೋರಿತ್ ಗಂಟಲು ಸರಿಮಾಡಿಕೊಂಡ. ನೂರಿಪ್ಪತ್ತರ ಒಳಗೇ ಇದೆಯಲ್ಲ, ಹಾಗಾದರೆ ತಪ್ಪು ಕುರ್ಚಿಯದೇ, ಸೋಮವಾರ ಹೊಸದು ಕಳಿಸುತ್ತೇವೆ ಎಂದು ಹಾಳೆಗೆ ಸಹಿ ಹಾಕಿದ. ವೃತ್ತ ಎದ್ದು ನಿಂತಿತು. ಎಲ್ಲರೂ ವೀಬೆಗೆ ಅವನ ತೂಕಕ್ಕಾಗಿ, ರೆನ್ಸ್ಕೆಗೆ ಗಂಡನ ತೂಕಕ್ಕಾಗಿ ಅಭಿನಂದನೆ ಹೇಳಿದರು. ವೀಬೆ ನಗಲು ಹೋದ; ಆಗಲಿಲ್ಲ. ಕೊನೆಗೂ ಒಂದು ಹೊಸ ಕುರ್ಚಿಯನ್ನು ಮುರಿಯುವಷ್ಟು ದಪ್ಪಗಿದ್ದೇನೆ ಎಂಬುದು ಉಳಿಯಿತಲ್ಲ. ಕೇಕನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತ.

ಗ್ರೀತ್‌ಗೆ ಅದನ್ನು ನೋಡಲಾಗಲಿಲ್ಲ. ಬಹಳ ಮೆತ್ತನೆ ಮನಸ್ಸಿನ ಹೆಂಗಸು ಅವಳು.

"ವೀಬೆ, ನೀನು ಕೊರಗಬೇಡ ಕಣಪ್ಪ," ಎಂದಳು. "ಅದನ್ನ ಮುರಿದಿದ್ದು ನೀನಲ್ಲ. ಅಬ್ರಹಾಮ."

ಊಬಲೆ ಈ ಸಲ ಬೇರೆ ಥರ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ. ನಿನ್ನೆ ಸಂಜೆ ವೀಬೆ ಗಾಯನ ಅಭ್ಯಾಸಕ್ಕೆ, ರೆನ್ಸ್ಕೆ ಆಸ್ಪತ್ರೆ ಪಾಳಿಗೆ ಹೋಗಿದ್ದಾಗ, ರೆನ್ಸ್ಕೆಯೇ ಕೊಟ್ಟಿದ್ದ ಬೀಗದಕೈಯಿಂದ ಗ್ರೀತ್, ಊಬಲೆ ವೀಬೆಯ ಕೋಟು, ಬೂಟು ತರಲು ಬಂದಿದ್ದರಂತೆ. ಬೊಂಬೆಗೆ ತೊಡಿಸಿ ನೋಡಬೇಕಲ್ಲ, ಹೊರಗೆ ಮಳೆ. ಅದನ್ನೂ ತಳ್ಳುಗಾಡಿಯಲ್ಲಿ ಒಳಗೆ ತಂದರಂತೆ. "ನಿಲ್ಲಿಸ್ಕೊಂಡು ತೋಳು ತೂರಿಸೋಕೆ ಆಗ್ಲಿಲ್ಲ. ಒಂದೇ ಒಂದು ನಿಮಿಷ ನಿನ್ನ ಕುರ್ಚೀಲಿ ಕೂರಿಸಿದ್ವಿ. ಆಗ್ಲೇ ಕರಕ್ ಅಂತು. ಹೊಸ ಚರ್ಮ ಹಾಗೇ ಅನ್ನುತ್ತೆ ಅಂದ್ರು ಇವ್ರು."

ಯೋರಿತ್ ಕುರ್ಚಿಯನ್ನು ಓರೆ ಮಾಡಿದ. ಹೊಲಿಗೆಯ ಸಂದಿಯಿಂದ ಸಣ್ಣಗೆ ಮರಳು ಸುರಿಯಿತು.

"ಬೊಂಬೆ ಒಳಗೆ ಹುಲ್ಲಲ್ವಾ?" ಎಂದ ವೀಬೆ.

"ಈ ಸಮುದ್ರದ ಗಾಳಿಗೆ ಹುಲ್ಲು ನಿಲ್ಲುತ್ತೇನಯ್ಯ?" ಎಂದ ಊಬಲೆ. "ಮರಳು ತುಂಬಿದೆ. ನಿನ್ನ ಗಾತ್ರಕ್ಕೇ, ಕಣ್ಣಂದಾಜಲ್ಲಿ. ಮೇಲೆ ಗಾಳಿಗೆ ಅಂತ ಇನ್ನೊಂದೆರಡು ಸಲಿಕೆ."

ವೀಬೆಗೆ ಮೊದಲು ಹಗುರವಾಯಿತು: ಮುರಿದದ್ದು ತಾನಲ್ಲ. ಮರುಕ್ಷಣವೇ ಯೋರಿತ್ ಸಹಿ ಹಾಕಿದ ಹಾಳೆಯನ್ನು ಮೆಲ್ಲಗೆ ವಾಪಸು ಎಳೆದುಕೊಳ್ಳುತ್ತಿರುವುದು ಕಂಡಿತು. ಬೊಂಬೆ ಕೂತದ್ದು ಮನೆಯ ಹಬ್ಬಕ್ಕೇ ಆದ್ದರಿಂದ ಅದನ್ನು ಗೃಹಬಳಕೆ ಎಂದೇ ಬರೆದುಕೊಳ್ಳಬಲ್ಲೆ, ಆದರೆ ಭಾರ ನೂರಿಪ್ಪತ್ತರ ಒಳಗಿರಬೇಕು ಎಂದ ಅವನು. ಪಾಪ, ಒಳ್ಳೆಯ ಹುಡುಗ.

ನಾಲ್ಕು ಜನ ಅಬ್ರಹಾಮನನ್ನು ಅಂಗಳದಿಂದ ಹೊತ್ತು ತಂದು ಯಂತ್ರದ ಮೇಲೆ ಕೂರಿಸಿದರು. ಗಡ್ಡ ಓರೆಯಾಗಿತ್ತು, ವೀಬೆಯ ಕೋಟಿನೊಳಗಿಂದ ವೀಬೆಯದೇ ಹೊಟ್ಟೆ ಮುಂದೆ ಬಂದಿತ್ತು. ಬೆಳಿಗ್ಗೆ ಅತಿಯಾಯಿತು ಅನ್ನಿಸಿದ್ದ ಆ ಹೊಟ್ಟೆ ಇನ್ನೂ ಸ್ವಲ್ಪ ಸಣ್ಣದಾಗಿದ್ದರೆ ಎಂದು ಅವನು ಈಗ ದೇವರಲ್ಲಿ ಬೇಡಿಕೊಂಡ. ಮುಳ್ಳು ಓಡಿ, ತೂಗಾಡಿ, ನೂರಾ ಇಪ್ಪತ್ತೆರಡರ ಮೇಲೆ ನಿಂತಿತು.

"ಬೂಟು," ಎಂದಳು ಗ್ರೀತ್ ತಟ್ಟನೆ. "ಹೊಸ ಕುರ್ಚಿ ಅಂತ ಬೂಟು ತೊಡಿಸದೇ ಕೂರಿಸಿದ್ವಿ. ನಾವೇನು ನಾಗರಿಕತೆ ಇಲ್ಲದವರಾ?"

ಯೋರಿತ್ ತಲೆಯಾಡಿಸಿದ. ಸಾರ್ ಕೂಡ ಬೂಟು ಕಳಚಿಯೇ ತೂಗಿದ್ದು, ನ್ಯಾಯ ಎಲ್ಲರಿಗೂ ಒಂದೇ. ವೀಬೆ ಮಂಡಿಯೂರಿ ತನ್ನ ಬೂಟುಗಳನ್ನು ತನ್ನ ಬೊಂಬೆಯ ಕಾಲಿನಿಂದ ಒಂದೊಂದಾಗಿ ಎಳೆದ. ಮುಳ್ಳು ಇಳಿಯತೊಡಗಿತು. ಹನ್ನೊಂದು ಜನ ಕೇಕು ಮರೆತು ಬಗ್ಗಿದರು. ರೆನ್ಸ್ಕೆ ಗಂಡನ ಭುಜ ಹಿಡಿದುಕೊಂಡಳು. ಮುಳ್ಳು ನಡುಗಿ, ಇನ್ನಷ್ಟು ಇಳಿದು, ನಿಂತಿತು.

ಊಬಲೆ ಕನ್ನಡಕ ಒರೆಸಿ ಹಾಕಿಕೊಂಡು ಎರಡು ಸಲ ನೋಡಿದ. ಮೂವತ್ತೊಂದು ವರ್ಷದಲ್ಲಿ ಒಂದು ಮೀನಿನ ಬಾಲದಷ್ಟೂ ಸುಳ್ಳು ತೂಗಿದವನಲ್ಲ. ಈ ಸಲ ಮಾತ್ರ ಕೂಗಲಿಲ್ಲ, ಪಿಸುಗುಟ್ಟಿದ.

೧೨೦.೨ ಕಿಲೋ.