ಕೆಮ್ಮಣ್ಣು ಕಟ್ಟಿದ ಜೀರುಂಡೆ

ನಮ್ಮ ಮನೆ ತಿಪ್ಪೆಯ ಜೀರುಂಡೆ ಹೊಸ ಜಾತಿಯದಂತೆ! ಈ ಪ್ರಪಂಚದಲ್ಲಿ ಇದುವರೆಗೆ ಯಾರೂ ಅದನ್ನು ಇಂಥದ್ದು ಎಂದು ಗುರುತು ಹಿಡಿದು ಬರೆದಿರಲಿಲ್ಲವಂತೆ. ಬರೆದವಳು ಬೆಂಗಳೂರಿನಲ್ಲಿ ಹುಳಗಳ ಬಗ್ಗೆ ಓದುತ್ತಿರುವ ನನ್ನ ಮೊಮ್ಮಗಳು ಪವಿತ್ರ. ಇವತ್ತು ಬೆಳಿಗ್ಗೆ ನಾನು ಹಾಲು ಕರೆಯಲು ಕೂತಿದ್ದೆ, ಸೊಸೆ ಭಾಗ್ಯ ಫೋನು ತಂದು ಕಿವಿಗೆ ಹಿಡಿದಳು. "ಅಜ್ಜೀ, ಅಚ್ಚಾಗೋಯ್ತು ಕಣಜ್ಜೀ! ನಮ್ಮ ಹುಳ ಅಚ್ಚಾಗೋಯ್ತು!" ಎಂದು ಬೆಂಗಳೂರಿನಿಂದ ಹುಡುಗಿ ಕೂಗಿದ ರಭಸಕ್ಕೆ ನಾನು ಎದ್ದು ನಿಂತೆ, ಹಸು ಬಕೆಟ್ಟು ಒದ್ದಿತು. ಹಾಲು ಚೆಲ್ಲಿದರೂ ಹಸುವನ್ನು ಬೈಯದೇ ಇದ್ದದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಉಳಿದ ಹಾಲು ತೆಗೆದುಕೊಂಡು ಡೈರಿಗೆ ಹೋದವಳು ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದೆ. ನಮ್ಮ ಊರು ಮಧುರೆಯಲ್ಲಿ ಸುದ್ದಿಗೇನೂ ಬರವಿಲ್ಲ. ಯಾರ ಹೊಲ ಸೈಟಾಯಿತು, ಯಾರ ಮಗ ಏರ್‌ಪೋರ್ಟಿಗೆ ಕಾರು ಓಡಿಸುತ್ತಾನೆ ಎಂಬ ಮಾತು ದಿನವೂ ಇರುತ್ತದೆ. ಹುಳದ ಸುದ್ದಿ ತಂದವಳು ನಾನೊಬ್ಬಳೇ. ಪಕ್ಕದ ಮನೆ ರತ್ನಮ್ಮ, "ಅಲ್ಲಾ ಕಣಕ್ಕಾ, ನಮ್ಮ ಮನೇಲಿ ಹುಳ ಬಿದ್ರೆ ಔಷಧಿ ಹೊಡೀತೀವಿ, ನೀನು ಸಕ್ಕರೆ ಹಂಚ್ತಿದ್ದೀಯಲ್ಲಾ!" ಎಂದಳು. ನಾನು ಅವಳ ಬಾಯಿಗೂ ಒಂದಿಷ್ಟು ಸಕ್ಕರೆ ಹಾಕಿದೆ. ಬಾಯಿ ಮುಚ್ಚಿಸುವುದಕ್ಕೆ ಸಕ್ಕರೆಗಿಂತ ಒಳ್ಳೆಯದು ಇಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹುಳ ಎಂದರೆ ಪೊರಕೆ ಎತ್ತುವುದು ಎಂದಷ್ಟೇ ತಿಳಿದಿದ್ದವಳು. ಆದರೆ ಒಂದು ಹುಳ ಹೊಸದು ಎಂದು ಹೇಳಬೇಕಾದರೆ ಎಷ್ಟು ಪಾಡಿದೆ ಎಂಬುದನ್ನು ಈ ಹುಡುಗಿಯಿಂದ ಕಂಡೆ. ರಜೆಗೆ ಬಂದಾಗ ಒಂದು ಕಪ್ಪು ಜೀರುಂಡೆಯನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು ಕೂತಳೆಂದರೆ ಊಟಕ್ಕೂ ಏಳುತ್ತಿರಲಿಲ್ಲ. ಬೆನ್ನ ಮೇಲೆ ಗೀರುಗಳೆಷ್ಟು, ಮೀಸೆಯಲ್ಲಿ ಗಂಟುಗಳೆಷ್ಟು, ಯಾವ ಮೂಲೆಯಲ್ಲಿ ಕೂದಲಿದೆ, ಎಲ್ಲ ಬರೆಯಬೇಕು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕೂಡ ನನ್ನನ್ನು ಅಷ್ಟು ನೋಡಿರಲಿಲ್ಲ. ನೋಡಿದ್ದರೆ ಬಹುಶಃ ನಾನು ಈ ಮನೆಗೆ ಬರುತ್ತಿರಲಿಲ್ಲ.

ಆ ಮೊದಲ ಜೀರುಂಡೆ ಹೋದ ಮಳೆಗಾಲದಲ್ಲಿ ಸಿಕ್ಕಿದ್ದು. ಅವರೆಕಾಳಿನಷ್ಟು ಗಾತ್ರ, ಹಾರಲು ಬರುವುದಿಲ್ಲ, ನೆಲದ ಮೇಲೆ ಸಾಲ ಕೊಟ್ಟವನನ್ನು ಕಂಡ ಹಾಗೆ ಓಡುತ್ತದೆ. ಮುಟ್ಟಿದರೆ ಹಿಂದಿನಿಂದ ಎಂಥದೋ ನೀರು ಹಾರಿಸುತ್ತದೆ, ಆ ನಾತ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಅದು ಹೆಣ್ಣು. ಪವಿತ್ರಳ ಮೇಷ್ಟರು, "ಒಂದೇ ಒಂದು ಹೆಣ್ಣನ್ನು ಇಟ್ಟುಕೊಂಡು ಹೊಸ ಜಾತಿ ಎಂದರೆ ಯಾರೂ ಒಪ್ಪುವುದಿಲ್ಲ. ಗಂಡು ತಂದು ತೋರಿಸು, ಇಲ್ಲದಿದ್ದರೆ ಇದನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ಹಿಡಿ" ಎಂದರಂತೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ತಿಪ್ಪೆಯ ಸುತ್ತ ನೆಲದ ಮಟ್ಟಕ್ಕೆ ಪ್ಲಾಸ್ಟಿಕ್ ಲೋಟ ಹೂತಿಟ್ಟಳು. ಅದರೊಳಗೆ ಬಿದ್ದ ಹುಳಗಳನ್ನು ನಮ್ಮ ನಾಟಿ ಕೋಳಿಗಳು ಎಲೆಯ ಮುಂದೆ ಕೂತ ನೆಂಟರ ಹಾಗೆ ಸಾಲಾಗಿ ನಿಂತು ತಿಂದವು. ಬೆಂಗಳೂರಿಗೆ ಹೊರಡುವಾಗ ನನ್ನ ಕೈಗೆ ಸ್ಪಿರಿಟ್ಟಿನ ಸಣ್ಣ ಬಾಟಲಿ ಕೊಟ್ಟು, "ಅಜ್ಜೀ, ಅಂಥದ್ದು ಕಂಡ್ರೆ ಹಿಡ್ದು ಇದ್ರೊಳಗೆ ಹಾಕ್ಬಿಡು. ಕೈಕಾಲು ಮುರೀಬಾರ್ದು, ಆಯ್ತಾ?" ಎಂದಳು. ಕಣ್ಣಲ್ಲಿ ನೀರಿತ್ತು. ಆ ಬಾಟಲಿಯನ್ನು ನಾನು ದೇವರ ಗೂಡಿನಲ್ಲೇ ಇಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಬಿತ್ತನೆ ಅವರೆಗೆ ಕೆಮ್ಮಣ್ಣು ಕಟ್ಟಲು ಕೂತಿದ್ದೆ. ಕೆಮ್ಮಣ್ಣನ್ನು ನೀರಲ್ಲಿ ಕಲಸಿ, ಕಾಳಿಗೆಲ್ಲ ಹತ್ತುವ ಹಾಗೆ ಬೆರೆಸಿ, ಬಿಸಿಲಲ್ಲಿ ಒಣಗಿಸಿ ಡ್ರಮ್ಮಿಗೆ ತುಂಬಿದರೆ ಮುಂದಿನ ಬಿತ್ತನೆಯವರೆಗೆ ಹುಳ ಹತ್ತುವುದಿಲ್ಲ. ನನ್ನ ಅತ್ತೆ ಕಲಿಸಿದ್ದು. ಅಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡದಿಂದ ಕರ್ರಗೆ ಒಂದು ಓಡಿ ಬಂತು. ಹಿಂದೆಯೇ ಕೋಳಿ. ನಾನು ಈ ವಯಸ್ಸಿನಲ್ಲಿ ಹಾಗೆ ಹಾರಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಕೋಳಿಯ ಕೊಕ್ಕಿಗೂ ಹುಳಕ್ಕೂ ನಡುವೆ ಅಂಗೈ ಇಟ್ಟೆ. ಕೋಳಿ ಕುಕ್ಕಿತು, ಹುಳ ನಾತ ಬಿಟ್ಟಿತು, ನಾನು ಎರಡನ್ನೂ ತಡೆದುಕೊಂಡೆ.

ಹಿಡಿದುಕೊಂಡೇ ಒಳಗೆ ಓಡಿದರೆ ದೇವರ ಗೂಡಿನಲ್ಲಿ ಬಾಟಲಿ ಖಾಲಿ! ಯಜಮಾನರು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಏನೂಂದ್ರೆ, ಇದರಲ್ಲಿದ್ದ ಸ್ಪಿರಿಟ್ಟೆಲ್ಲಿ?"

"ಮಂಡಿಗೆ ಹಚ್ಕೊಂಡೆ ಕಣೇ. ತಣ್ಣಗೆ ಚೆನ್ನಾಗಿತ್ತು."

"ಅದು ಹುಳಕ್ಕೆ ಇಟ್ಟಿದ್ದು!"

"ಹುಳಕ್ಕೂ ಮಂಡಿ ನೋವಾ?"

ಇಂಥವರ ಜೊತೆ ಜಗಳ ಆಡುತ್ತಾ ಕೂತರೆ ಕೈಯಲ್ಲಿದ್ದದ್ದು ಓಡಿಹೋಗುತ್ತದೆ. ಏನು ಮಾಡಲಿ? ಕಾಳು ಕೆಡದಂತೆ ವರ್ಷವೆಲ್ಲ ಕಾಯುವ ಮಣ್ಣು ಈ ಹುಳವನ್ನು ನಾಲ್ಕು ದಿನ ಕಾಯದೇ ಎಂದುಕೊಂಡು ಕೆಮ್ಮಣ್ಣಲ್ಲಿ ಅದ್ದಿದೆ. ಕಾಲು ಮುರಿಯಬಾರದೆಂದು ಮೇಲೆ ಇನ್ನೊಂದು ಸಲ ಮೆತ್ತಿದೆ. ಪಾಪ, ಸತ್ತಿತು. ಸ್ಪಿರಿಟ್ಟಿಗೆ ಹಾಕಿದ್ದರೂ ಸಾಯುತ್ತಿತ್ತು. ಅವರೆ ಹರಡಿದ್ದ ಟಾರ್ಪಾಲಿನ ಮೂಲೆಯಲ್ಲಿ, ಕಾಳಿನಿಂದ ಬೇರೆಯಾಗಿ ಒಣಗಲು ಬಿಟ್ಟು, ಗುರುತಿಗೆ ಪಕ್ಕದಲ್ಲಿ ಬೇವಿನ ಕಡ್ಡಿ ಇಟ್ಟೆ. ಹುಳ ಬರದಿರಲಿ ಎಂದು ಕಟ್ಟುವ ಮಣ್ಣಿನಲ್ಲಿ ಹುಳವನ್ನೇ ಕಟ್ಟಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಸಾಯಂಕಾಲ ಮೋಡ ಕವಿಯಿತು. ನಾನು ಹುಲ್ಲು ತರಲು ಹೋಗಿದ್ದೆ. ಭಾಗ್ಯ ಒಳ್ಳೆಯ ಸೊಸೆ, ಕೆಲಸ ಹೇಳಿಸಿಕೊಳ್ಳುವುದಿಲ್ಲ. ಟಾರ್ಪಾಲನ್ನು ನಾಲ್ಕೂ ಮೂಲೆಯಿಂದ ಎತ್ತಿ ಅಷ್ಟನ್ನೂ ಡ್ರಮ್ಮಿಗೆ ಸುರಿದಿದ್ದಳು. ಬೇವಿನ ಕಡ್ಡಿಯನ್ನು ಮಾತ್ರ ಜೋಪಾನವಾಗಿ ಆರಿಸಿ ಬಿಸಾಕಿದ್ದಳು.

ಫೋನಿನಲ್ಲಿ ಸುದ್ದಿ ಕೇಳಿದ ಪವಿತ್ರ ಭಾನುವಾರ ಓಡೋಡಿ ಬಂದಳು. "ಎಲ್ಲಜ್ಜೀ?" ಎಂದಳು. ನಾನು ಡ್ರಮ್ಮು ತೋರಿಸಿದೆ. ಮಗ ಮುನಿರಾಜ ಮುಚ್ಚಳ ತೆಗೆದ. ಒಳಗೆಲ್ಲ ಕೆಂಪು ಉಂಡೆ. ಕಾಳು ಯಾವುದು, ಮಣ್ಣಿನ ಹೆಂಟೆ ಯಾವುದು, ಹುಳ ಯಾವುದು, ಆ ದೇವರಿಗೇ ಗೊತ್ತು. ಹುಡುಗಿ ಡ್ರಮ್ಮಿನ ಪಕ್ಕದಲ್ಲೇ ಕುಸಿದು ಕೂತಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ, ಬೈಯಲೂ ಇಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಒಂದೊಂದೇ ಒಡ್ದು ನೋಡಾನ" ಎಂದ ಮುನಿರಾಜ.

"ಒಡೀಬೇಡಪ್ಪಾ, ಕಾಲು ಮುರ್ದೋಗುತ್ತೆ. ನೀರಲ್ಲಿ ಬಿಟ್ರೆ ಮಣ್ಣು ತಾನೇ ಕರಗುತ್ತೆ" ಎಂದಳು ಅವಳು.

"ಬಿತ್ತನೆ ಬೀಜ ನೀರಿಗಾಕ್ತೀಯಾ? ವರ್ಷದ ಬೀಜ ಕಣಮ್ಮಾ!" ಎಂದು ಅವನು ನನ್ನ ಮುಖ ನೋಡಿದ. ಎಲ್ಲರೂ ನನ್ನ ಮುಖ ನೋಡಿದರು. ಅತ್ತೆಯ ಕಾಲದಿಂದ ಕೈತಪ್ಪದೆ ಬಂದ ತಳಿ ಅದು. ಸೊಗಡು ಅಂದರೆ ಅದರದೇ ಸೊಗಡು. ನಾನು ಬಚ್ಚಲಿಗೆ ಹೋಗಿ ಬೇಸಿನ್ನು ತಂದು ನೀರು ಸುರಿದೆ. "ತಳಿಗೊಂದು ಬೊಗಸೆ ತೆಗೆದಿಡು. ಮಿಕ್ಕಿದ್ದೆಲ್ಲಾ ಹಾಕು" ಎಂದೆ. ಆ ಬೊಗಸೆಯಲ್ಲಿ ಹುಳ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪವಿತ್ರ ಒಂದೊಂದು ಕಾಳನ್ನೂ ತಿರುಗಿಸಿ ನೋಡಿಯೇ ತೆಗೆದಿಟ್ಟಳು.

ಮನೆಮಂದಿಯೆಲ್ಲ ಬೇಸಿನ್ನಿನ ಸುತ್ತ ಕೂತೆವು. ನೀರು ಕೆಂಪಾಯಿತು, ಕೈ ಕೆಂಪಾಯಿತು, ಕಾಳು ಬೆಳ್ಳಗಾಯಿತು, ಹುಳ ಇಲ್ಲ. ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದವರು ಯಜಮಾನರು. "ಇದೊಂದು ಹುಳುಕು" ಎಂದು ಏನನ್ನೋ ಕೋಳಿಗೆ ಎಸೆಯಲು ಕೈ ಎತ್ತಿದರು. ಪವಿತ್ರ "ತಾತಾ!" ಎಂದು ಕಿರುಚಿದಳು. ಅವರ ಬೆರಳ ಸಂದಿಯಲ್ಲಿ ಮೀಸೆ ಕಾಣುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದಳು. ಮುಂಗಾಲಿನ ಪಾದ ಅಗಲವಾಗಿದ್ದರೆ ಗಂಡಂತೆ. ಅಗಲವಾಗಿತ್ತು. ಎಡಗಡೆಯ ನಡುವಿನ ಕಾಲು ಮಾತ್ರ ಇರಲಿಲ್ಲ, ಆದರೆ ಅಷ್ಟರಿಂದ ಕೆಲಸ ನಿಲ್ಲುವುದಿಲ್ಲವಂತೆ. ನನ್ನನ್ನು ಎತ್ತಿ ಸುತ್ತಿಸಲು ಹೋಗಿ ಇಬ್ಬರೂ ಕೆಸರಲ್ಲಿ ಕೂತೆವು.

ಅವತ್ತೇ ಅವಳು ಕೇಳಿದ್ದು: "ಅಜ್ಜೀ, ಇದಕ್ಕೆ ನಿನ್ನ ಹೆಸರಿಡ್ಲಾ?" ನನ್ನ ಕೈಯಲ್ಲಿ ಅದರ ನಾತ ಇನ್ನೂ ಹೋಗಿರಲಿಲ್ಲ. ತಿಪ್ಪೆಯಲ್ಲಿ ಇರುವುದು, ಮುಟ್ಟಿದರೆ ಹಿಂದಿನಿಂದ ಉಗುಳುವುದು, ಅದಕ್ಕೆ ನನ್ನ ಹೆಸರೇ? "ಬ್ಯಾಡ ಕಣವ್ವಾ, ಊರಿನ ಹೆಸರಿಡು" ಎಂದುಬಿಟ್ಟೆ. ಯಜಮಾನರು ಕೂತಲ್ಲಿಂದಲೇ, "ಗುಣ ಎಲ್ಲಾ ಹೊಂದುತ್ತೆ, ಯೋಚ್ನೆ ಮಾಡು" ಎಂದಿದ್ದರು.

ನೆಂದ ಅವರೆಯನ್ನು ಏನು ಮಾಡುವುದು? ಹಿತುಕಿದೆವು. ಬೆರಳು ಸವೆಯುವಷ್ಟು ಹಿತುಕಿ ಸಿಪ್ಪೆ ತೆಗೆದು, ಬೇಳೆ ಒಣಗಿಸಿ ಡಬ್ಬಗಳಿಗೆ ತುಂಬಿದೆವು. ಅವತ್ತಿನಿಂದ ನಮ್ಮ ಮನೆಯಲ್ಲಿ ನೆಂಟರು ಬಂದರೂ ಹಿತುಕಿದ ಬೇಳೆ ಸಾರು, ಬರದಿದ್ದರೂ ಹಿತುಕಿದ ಬೇಳೆ ಸಾರು.

ಇವತ್ತು ಸಾಯಂಕಾಲದ ಬಸ್ಸಿಗೆ ಪವಿತ್ರ ಬಂದಳು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ರಾಗಿ ಮುದ್ದೆ, ಹಿತುಕಿದ ಬೇಳೆ ಸಾರು, ಹುಳ ಅಚ್ಚಾದ ಹಬ್ಬವೆಂದು ಒಂದಿಷ್ಟು ಪಾಯಸ. ಅವಳು ಅಚ್ಚಾದದ್ದನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದಳು. ಹುಳದ ಹೆಸರು ಊರಿನದೇ, ಸಿಕ್ಕಿದ ಜಾಗ ಮಧುರೆ. ಹಿಡಿದವರು ಎಂಬ ಕಡೆ ನನ್ನ ಹೆಸರಿತ್ತು. ನಾನು ಸೆರಗಲ್ಲಿ ಮುಖ ಒರೆಸಿಕೊಂಡೆ, ಸಾರು ಖಾರವಾಗಿತ್ತೆಂದು ಬೇಕಾದರೆ ತಿಳಿಯಿರಿ. ಆಮೇಲೆ, "ಗಂಡಿನ ಎಡ ನಡುಗಾಲು ಇಲ್ಲ" ಎಂದು ಓದಿದಳು.

"ಅದೂ ಬರ್ದಿದ್ದೀಯಾ?" ಎಂದರು ಯಜಮಾನರು.

"ಇದ್ದಿದ್ದನ್ನ ಇದ್ದ ಹಾಗೇ ಬರೀಬೇಕು ತಾತಾ."

"ಹಂಗಾದ್ರೆ ಆ ಕಾಲು ಎಲ್ಲೋಯ್ತು ಅಂತ್ಲೂ ಬರೀಬೇಕಿತ್ತು."

ಎಲ್ಲರ ಕೈ ನಿಂತಿತು. ಮುನಿರಾಜ ತನ್ನ ತಟ್ಟೆ ನೋಡಿದ, ಭಾಗ್ಯ ಸಾರಿನ ಪಾತ್ರೆ ನೋಡಿದಳು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. "ತೊಳೆದ ನೀರಲ್ಲೋಗಿರುತ್ತೆ, ತಿನ್ರೀ ಸುಮ್ನೆ" ಎಂದು ಗದರಿಸಿ ಎಲ್ಲರಿಗೂ ಇನ್ನೊಂದೊಂದು ಸೌಟು ಸಾರು ಬಡಿಸಿದೆ. ನಗುತ್ತಾ, ಕೆಮ್ಮುತ್ತಾ ಒಬ್ಬರೂ ಬಿಡದೆ ಉಂಡರು. ಹೆಸರು ಬೇಡವೆಂದು ಅವತ್ತು ಬಿಂಕ ಮಾಡಿದೆನಲ್ಲ ಎಂದು ಬೆಳಗಿನಿಂದ ನನಗೆ ಒಳಗೊಳಗೇ ಒಂದು ಸಂಕಟವಿತ್ತು. ಈಗ ಅದೂ ಇಲ್ಲ. ಹುಳಕ್ಕೆ ನನ್ನ ಹೆಸರು ಸೇರದಿದ್ದರೇನಂತೆ, ಅದರ ಒಂದು ಕಾಲಂತೂ ನಮ್ಮ ವಂಶಕ್ಕೆ ಸೇರಿದೆ. ಇಷ್ಟು ದಿನ ಪಾತ್ರೆಯ ತಳದ ಸಾರನ್ನು ಬಳಿದು ಉಂಡವಳು ನಾನೇ.