ನೂರ ಮೂರು ಡಿಗ್ರಿಯ ತಂಪು ಡಬ್ಬಿ

ಚಿದಾನಂದಪ್ಪನವರು ಡಬ್ಬಿಯ ಮೇಲಿದ್ದ ಟವೆಲ್ಲನ್ನು ಮದುವೆಮನೆಯ ಅಂತರಪಟದಂತೆ ಮೆಲ್ಲಗೆ ಸರಿಸಿದರು.

"ನೋಡ್ರಿ ಟೀಚರ್, ನಿಮ್ಮ ಇನ್ಸುಲಿನ್ನಿಗೆ ಅರಮನೆ!"

ಅರಮನೆಯೆಂದರೆ ಅಕ್ಕಿ ತುಂಬಿಡುವಂಥ ಒಂದು ಸ್ಟೀಲ್ ಡಬ್ಬಿ. ಒಳಗೆಲ್ಲ ಥರ್ಮೋಕೋಲ್, ಹೊರಗೆಲ್ಲ ವೈರು, ಮುಚ್ಚಳದ ಸುತ್ತ ದಪ್ಪ ರಬ್ಬರು. ಕಾತ್ಯಾಯಿನಿ ಟೀಚರ್ ಕುರ್ಚಿಯ ತುದಿಯಲ್ಲಿ ಕೂತು, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು.

ಗದಗಿನಲ್ಲಿದ್ದ ಮಗಳಿಗೆ ದಿನ ತುಂಬಿತ್ತು. ಎರಡನೆಯ ಹೆರಿಗೆ, ನೀನೇ ಇಲ್ಲಿಗೆ ಬಾ ಎಂದಿದ್ದಳು. ಮರುದಿನ ಬೆಳಿಗ್ಗೆ ರೈಲು. ಟೀಚರ್ ಮನೆಯ ಫ್ರಿಜ್ಜು ಕೆಟ್ಟುಹೋದಾಗ, ಅವರ ಎರಡು ಇನ್ಸುಲಿನ್ ಸೀಸೆಗಳನ್ನು ತನ್ನ ಫ್ರಿಜ್ಜಿನಲ್ಲಿ ಇಟ್ಟುಕೊಂಡವಳು ಪಕ್ಕದ ಮನೆಯ ಗಂಗಮ್ಮ, ಅಂದರೆ ಚಿದಾನಂದಪ್ಪನವರ ಹೆಂಡತಿ. "ಈ ಬಿಸಿಲಲ್ಲಿ ಇವನ್ನ ಹೇಗೆ ಒಯ್ಯಲಿ ಗಂಗಕ್ಕ?" ಎಂದು ಟೀಚರ್ ಅವಳ ಹತ್ತಿರ ಅಂದದ್ದು ಚಿದಾನಂದಪ್ಪನವರ ಕಿವಿಗೆ ಬಿತ್ತು. ಹತ್ತಿ ಮಿಲ್ಲಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಜೀವಮಾನವೆಲ್ಲ ದುಡಿದ ಕೈ ಅದು, ಸುಮ್ಮನಿರಲಿಲ್ಲ.

"ಹಂಗಾರೆ ಈಗಲೇ ಸೀಸೆ ಒಳಗಿಡ್ತೀನಿ," ಎಂದರು.

"ಫ್ರಿಜ್ಜಲ್ಲೇ ಇರ್ಲಿ ಬಿಡಿ, ನಾಳೆ ಹೊರಡೋವಾಗ..." ಟೀಚರ್ ಅಳುಕುತ್ತ ಅಂದರು.

"ಫ್ರಿಜ್ಜೆಲ್ಲೈತ್ರಿ ಟೀಚರ್?" ಗಂಗಮ್ಮ ಬಾಗಿಲಿಂದ ಕೇಳಿದಳು. "ಅದರ ಬಾಗಿಲಿನ ರಬ್ಬರು ಕಿತ್ತು ಈ ಅರಮನೆಗೆ ಹಾಕ್ಯಾರೆ. ನನ್ನ ಬೆಣ್ಣೆ ಎಣ್ಣೆಯಾಗಿ ಕೂತೈತೆ."

ಬೇರೆ ದಾರಿಯಿರಲಿಲ್ಲ. ಔಷಧಿ ಅಂಗಡಿಯವನು ಹೊಸ ಸೀಸೆ ಬರಲು ಸೋಮವಾರವಾಗುತ್ತದೆ ಎಂದಿದ್ದ. ಗಂಗಮ್ಮ ತಂದ ಸೀಸೆಗಳನ್ನು ಟೀಚರ್ ತಮ್ಮ ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಡಾಕ್ಟರು ಹೇಳಿದ್ದು ನೆನಪಾಯಿತು: ಬಿಸಿಯೂ ಆಗಬಾರದು, ಹೆಪ್ಪುಗಟ್ಟಲೂಬಾರದು.

ಚಿದಾನಂದಪ್ಪನವರು ಬಿಸ್ಕತ್ತಿನಷ್ಟು ಅಗಲದ ಬಿಳಿ ಬಿಲ್ಲೆಯೊಂದನ್ನು ಎತ್ತಿ ತೋರಿಸಿದರು. "ಇಂಥದೇ ಒಂದು ಡಬ್ಬಿಗೆ ಕೂರಿಸೀನಿ. ಕರೆಂಟು ಕೊಟ್ರೆ ಇದರ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. ಒಳಗಿನ ಬಿಸಿ ಹೊತ್ತು ಹೊರಗೆ ಹಾಕೋ ಹಮಾಲಿ ಇದ್ದಂಗೆ. ಆ ಬಿಸಿ ಈ ಪೈಪಿನಾಗೆ ಹೋಗಿ ಹಿತ್ತಲಿನ ನೀರಿನ ಡ್ರಮ್ಮಿಗೆ ಸೇರ್ತೈತೆ. ಮ್ಯಾಲೆ ಅರವತ್ತು ವ್ಯಾಟ್ ಅಂತ ಬರೆದಾರೆ. ಆದ್ರೆ ಬರೆದದ್ದನ್ನ ನಂಬೋನಲ್ಲ ನಾನು. ಎಷ್ಟು ಹೊರ್ತೈತೆ ಅಂತ ಪರೀಕ್ಷೆ ಆಗಬೇಕು."

"ಹೌದ್ರಿ. ಹೆಣ್ಣು ನೋಡಾಕ ಬಂದಾಗ ನನ್ನ ವಯಸ್ಸನ್ನ ನಮ್ಮಪ್ಪನ್ನೂ ಕೇಳಿದ್ರು, ಆಮೇಲೆ ನಮ್ಮ ಶಾಲೆ ಮಾಸ್ತರನ್ನೂ ಕೇಳಿ ಬಂದ್ರು," ಎಂದಳು ಗಂಗಮ್ಮ.

ಪರೀಕ್ಷೆಗೆ ಥರ್ಮಾಮೀಟರ್ ಬೇಕಲ್ಲ? ಮನೆಯಲ್ಲಿದ್ದದ್ದು ಜ್ವರ ನೋಡುವ ಹಳೆಯ ಪಾದರಸದ್ದೊಂದೇ. ಅದನ್ನೇ ದಾರಕ್ಕೆ ಕಟ್ಟಿ ಮುಚ್ಚಳದ ತೂತಿನಿಂದ ಒಳಗೆ ಇಳಿಬಿಟ್ಟು ಗುಂಡಿ ಒತ್ತಿದರು. ಡಬ್ಬಿ ಜೇನುಹುಳದಂತೆ ಗುಂಯ್‌ಗುಟ್ಟಿತು. ತುಸು ಹೊತ್ತಿನ ಮೇಲೆ ದಾರ ಎಳೆದು ನೋಡಿದರು.

"ನೂರ ಮೂರು."

ಹೊರಗೆ ದಾವಣಗೆರೆಯ ಬಿಸಿಲೂ ಅಷ್ಟೇ ಇದ್ದೀತು. ಇನ್ನಷ್ಟು ಕಾದು ಮತ್ತೆ ಎಳೆದರು. ನೂರ ಮೂರು. ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಅರವತ್ತು ವ್ಯಾಟಂತೆ! ಇದು ಆರು ವ್ಯಾಟೂ ಇಲ್ಲ. ಕೂತು ಸಂಬಳ ತಿನ್ನೋ ಹಮಾಲಿ ಇದು."

ಟೀಚರ್ ಕುರ್ಚಿಯಿಂದ ಎದ್ದರು. ನೂರ ಮೂರು ಡಿಗ್ರಿಯಲ್ಲಿ ಇನ್ಸುಲಿನ್ ಕಾಯುತ್ತಿದೆ. "ಹೊರಗೆ ತೆಗೆದುಬಿಡೋಣವಾ?"

"ಹೊರಗೂ ನೂರ ಮೂರೇ ಅಲ್ಲೇನ್ರಿ? ತಡೀರಿ, ಇನ್ನೊಂದು ಬಿಲ್ಲೆ ಹಾಕ್ತೀನಿ. ಅಷ್ಟರಾಗೆ ನೀವು ಮನೀಗೆ ಹೋಗಿ ಸೀರೆ ಮಡಚಿಟ್ಟು ಬರ್ರಿ."

ಟೀಚರ್ ಹೋಗಿ ಮೊಮ್ಮಗುವಿನ ಕುಲಾವಿಯನ್ನು ಪೆಟ್ಟಿಗೆಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ವಾಪಸು ಬಂದಾಗ ಡಬ್ಬಿಯ ಬದಿಯಲ್ಲಿ ಬಿಲ್ಲೆಗಳ ಸಾಲೇ ಇತ್ತು. ಗಂಗಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಎದುರಾದಳು.

"ಟೀಚರ್, ಅಡಿಗೆಮನೀಗೆ ಬರ್ರಿ. ಕಾಫಿ ಮಾಡೀನಿ."

"ಈಗ ಬೇಡ ಗಂಗಕ್ಕ, ಗಂಟಲಲ್ಲಿ ಇಳಿಯೋದಿಲ್ಲ."

"ಒಂದು ಗುಟುಕು ಕುಡೀರಿ. ಒಳಗೇ ಬರ್ರಿ." ಗಂಗಮ್ಮ ಹುಬ್ಬು ಹಾರಿಸಿದಳು. ಪಾಪ, ನನ್ನ ಸಂಕಟ ನೋಡಲಾರದೆ ಉಪಚಾರ ಮಾಡುತ್ತಿದ್ದಾಳೆ ಎಂದುಕೊಂಡ ಟೀಚರ್ ಡಬ್ಬಿ ಬಿಟ್ಟು ಕದಲಲಿಲ್ಲ.

ದಾರ ಮೇಲೆ ಬಂತು. ನೂರ ಮೂರು.

ಚಿದಾನಂದಪ್ಪನವರ ಮುಖ ಕೆಂಪಗಾಯಿತು. "ಹಂಗಾರೆ ಬ್ರಹ್ಮಾಸ್ತ್ರನೇ ಬಿಡ್ತೀನಿ. ಇದೇ ಬಿಲ್ಲೇನ ಬಿಸಿಗೂ ತಂಪಿಗೂ ನಡುವೆ ಇಟ್ರೆ ಅದೇ ಕರೆಂಟು ಕೊಡ್ತೈತೆ. ಡ್ರಮ್ಮಿನ ಬಿಸಿಯಿಂದ ಕರೆಂಟು ತೆಗೆದು ತಿರುಗಿ ಡಬ್ಬಿಗೇ ಉಣ್ಣಿಸ್ತೀನಿ. ನಡುವೆ ನನ್ನ ಸ್ವಂತ ತಂತಿ ಸುರುಳಿ ಒಂದೈತೆ, ಅದು ಒಂದನ್ನ ನೂರು ಮಾಡ್ತೈತೆ."

ಆ ಸುರುಳಿಯ ಒಳಗುಟ್ಟು ಅವರಿಗೂ ಪೂರ್ತಿ ತಿಳಿದಿತ್ತೆಂದು ಹೇಳುವಂತಿಲ್ಲ. ಅದನ್ನು ಸಿಕ್ಕಿಸಿದ್ದೇ ತಡ, ಜೇನುಹುಳ ಹೋಗಿ ಹಿಟ್ಟಿನ ಗಿರಣಿ ಬಂತು. ಹಿತ್ತಲಲ್ಲಿ ಡ್ರಮ್ಮು ಕೊತಕೊತ ಕುದಿಯತೊಡಗಿತು. ಟೀಚರ್ ಮೈಯಲ್ಲಿ ನಡುಕ ಹುಟ್ಟಿತು. ಸಕ್ಕರೆ ಇಳಿದಿರಬೇಕೆಂದು ಹೆದರಿ ಪರ್ಸಿನಲ್ಲಿದ್ದ ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡರು. ನಡುಕ ನಿಲ್ಲಲಿಲ್ಲ. ಇನ್ನೊಂದು ಹಾಕಿಕೊಂಡರು.

"ನನಗೂ ಚಳಿ ಹತ್ತೈತೆ. ಗಂಗಾ, ಹೋದ ವಾರದ ನಿನ್ನ ಜ್ವರ ನನಗೆ ಅಂಟಿತು ನೋಡು," ಎಂದರು ಚಿದಾನಂದಪ್ಪ. ಅವರ ಮೀಸೆಯ ತುದಿ ಬೆಳ್ಳಗಾಗಿತ್ತು.

"ಡಬ್ಬಿ ಮುಟ್ಟಿ ನೋಡ್ರಿ ಒಂದು ಸಲ. ಚಳಿ ಅದರದ್ದೇ ಇರಬೇಕು," ಎಂದಳು ಗಂಗಮ್ಮ.

"ಮುಟ್ಟಿ ನೋಡೋದು ಅಜ್ಜಿ ವೈದ್ಯ ಆತು. ಮೈ ಸುಳ್ಳು ಹೇಳಬಹುದು, ಪಾದರಸ ಹೇಳೋದಿಲ್ಲ." ದಾರ ಎಳೆದರು. "ನೂರ ಮೂರು! ಕುದಿಯೋ ಊರಾಗೆ ಕೂತು ನಾವಿಬ್ಬರೂ ಜ್ವರದಿಂದ ನಡುಗ್ತಿದ್ದೀವಿ, ಅಷ್ಟೇ."

ಹಾಗೆಂದರೂ ಅವರು ಒಳಗೆ ಹೋಗಿ ತಮ್ಮ ಒಂದೇ ಒಂದು ಶಾಲು ತಂದು ಟೀಚರ್ ಹೆಗಲಿಗೆ ಹೊದಿಸಿದರು. ತಾವು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ಬೀದಿಯೇ ಮೌನವಾಯಿತು. ಡಬ್ಬಿ ಮಾತ್ರ ನಿಲ್ಲಲಿಲ್ಲ. ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಅದಕ್ಕೀಗ ಯಾರ ಹಂಗೂ ಇರಲಿಲ್ಲ, ತನ್ನ ಊಟ ತಾನೇ ಬೇಯಿಸಿಕೊಳ್ಳುತ್ತಿತ್ತು. ಸ್ಟೀಲಿನ ಮೈಮೇಲೆ ಬಿಳಿ ಪುಡಿ ಹರಡಿ, ನೆಲಕ್ಕಿಳಿದು, ಹೊಸ್ತಿಲ ರಂಗೋಲಿಯನ್ನು ನುಂಗಿ, ಕಾಂಪೌಂಡು ಏರಿತು. ಎದುರು ಮನೆಯ ಮಹಡಿಯಿಂದ ಕೂಗು ಬಂತು: "ಚಿದಾನಂದಪ್ಪಾರೆ, ಒಣಹಾಕಿದ ಸಂಡಿಗೆ ಕಲ್ಲಾಗ್ಯಾವ್ರಿ!"

"ಟೀಚರ್, ಕಾಫಿ ಆರಿಹೋಗ್ತೈತೆ," ಎಂದು ಗಂಗಮ್ಮ ಈ ಸಲ ಅವರ ತೋಳನ್ನೇ ಹಿಡಿದಳು.

"ನನ್ನ ಔಷಧಿ ಇಲ್ಲಿದೆ ಗಂಗಕ್ಕ. ಹೇಗೆ ಬರಲಿ?" ಟೀಚರ್ ತೋಳು ಬಿಡಿಸಿಕೊಂಡರು.

ಚಿದಾನಂದಪ್ಪನವರ ಹಲ್ಲು ಕಟಕಟ ಎನ್ನುತ್ತಿತ್ತು. "ಮೊದಲು ನನ್ನ ಜ್ವರ ನೋಡ್ರಿ," ಎಂದು ದಾರ ಬಿಚ್ಚಿ ಥರ್ಮಾಮೀಟರನ್ನು ಟೀಚರ್ ಕೈಗೆ ಕೊಟ್ಟರು. ಶಾಲೆಯಲ್ಲಿ ಎಷ್ಟೋ ಮಕ್ಕಳ ಜ್ವರ ನೋಡಿದ್ದ ಕೈ, ಯೋಚನೆಯಿಲ್ಲದೆ ಅದನ್ನು ಜೋರಾಗಿ ಜಾಡಿಸಿತು.

ಪಾದರಸ ಸರ್ರನೆ ಇಳಿದು ಬುಡದ ಗುಂಡಿನೊಳಗೆ ಮಾಯವಾಯಿತು.

"ಏನು ಮಾಡಿದ್ರಿ ಟೀಚರ್?"

"ಜಾಡಿಸಿದೆ. ಬಾಯಿಗಿಡೋ ಮೊದಲು ಜಾಡಿಸಬೇಕಲ್ಲ, ಇಲ್ಲದಿದ್ರೆ ಹಳೇ ಜ್ವರಾನೇ ತೋರಿಸ್ತಾ ಇರುತ್ತೆ..." ಟೀಚರ್ ಅರ್ಧಕ್ಕೇ ನಿಲ್ಲಿಸಿದರು.

ಗಂಗಮ್ಮ ಮೆಲ್ಲಗೆ ಹೇಳಿದಳು: "ಹೋದ ವಾರ ನನಗೆ ಜ್ವರ ಬಂದಿತ್ತಲ್ಲ, ಆವಾಗ ಸರಿಯಾಗಿ ನೂರ ಮೂರಿತ್ತು."

ಚಿದಾನಂದಪ್ಪನವರು ಡಬ್ಬಿಯನ್ನೂ ಹಿತ್ತಲಲ್ಲಿ ಕುದಿಯುತ್ತಿದ್ದ ಡ್ರಮ್ಮನ್ನೂ ನೋಡಿದರು. ತಾವು ಈವರೆಗೆ ತಂಪು ಮಾಡುತ್ತಿದ್ದದ್ದು ಹೆಂಡತಿಯ ಹಳೆಯ ಜ್ವರವನ್ನು ಎಂಬುದು ಅವರ ತಲೆಗೆ ನಿಧಾನವಾಗಿ ಇಳಿಯಿತು. ಮುಚ್ಚಳ ಎಳೆದರು, ಅದು ಅಲುಗಲಿಲ್ಲ.

"ಬಿಸಿ ತಂಪು ಎರಡೂ ಒಂದಾದ್ರೆ ಇದಕ್ಕೆ ಕರೆಂಟು ಸಿಗೋದಿಲ್ಲ, ನಿಲ್ತೈತೆ. ಆದ್ರೆ ಸುರುಳಿ ಸುಟ್ಟುಹೋಗ್ತೈತೆ." ಒಂದು ಗಳಿಗೆ ಆ ಸುರುಳಿಯ ಮೇಲೆ ಕೈಯಿಟ್ಟರು. "ಹೋಗಲಿ. ಟೀಚರ್ ಔಷಧಿ ಒಳಗೈತೆ."

ಬಕೆಟ್ಟು ತುಂಬ ಕುದಿನೀರು ತಂದು ತಾವೇ ಡಬ್ಬಿಯ ಮೇಲೆ ಸುರಿದರು. ಸುರುಳಿ ಚಟಪಟ ಸಿಡಿದು ಸುಮ್ಮನಾಯಿತು. ಹಬೆ ಭುಸ್ಸನೆ ಮೇಲೆದ್ದು, ಬಾಗಿಲಿಂದ ಅಂಗಳಕ್ಕೆ ನುಗ್ಗಿ, ಆ ಚಳಿಗೆ ಅಲ್ಲೇ ಮೋಡವಾಯಿತು. ಉರಿಬಿಸಿಲಿನ ಆ ಮಧ್ಯಾಹ್ನ, ಚಿದಾನಂದಪ್ಪನವರ ಅಂಗಳದ ಮೇಲಷ್ಟೇ, ಗೇಟಿನಿಂದಾಚೆ ಒಂದೂ ಬೀಳದಂತೆ, ಆಲಿಕಲ್ಲಿನ ಮಳೆ ಸುರಿಯಿತು.

ಡಬ್ಬಿ ತೆರೆದಾಗ ಕರವಸ್ತ್ರ ಕಲ್ಲಿನಂತಿತ್ತು. ಟೀಚರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಗೆ ಕುಸಿದರು. ಔಷಧಿಯಿಲ್ಲದೆ ಹೊರಡುವಂತಿಲ್ಲ. ಅಲ್ಲಿ ಮಗಳು ಬಾಗಿಲ ಕಡೆಯೇ ಕಣ್ಣಿಟ್ಟು ಮಲಗಿರುತ್ತಾಳೆ.

ಚಿದಾನಂದಪ್ಪನವರು ಆಗಲೇ ಚಪ್ಪಲಿ ಮೆಟ್ಟಿದ್ದರು. "ಹರಿಹರಕ್ಕೆ ಹೋಗ್ತೀನಿ. ಅಲ್ಲಿ ಸಿಗದಿದ್ರೆ ರಾಣೆಬೆನ್ನೂರು. ತಂದೇ ತರ್ತೀನಿ ಟೀಚರ್," ಎಂದವರು ನಾಲ್ಕು ಸಲ ಸೀನಿದರು.

"ನೀವು ಎಲ್ಲಿಗೂ ಹೋಗಬ್ಯಾಡ್ರಿ." ಗಂಗಮ್ಮ ಅಡಿಗೆಮನೆಯಿಂದ ಒಂದು ಪುಟ್ಟ ಮಣ್ಣಿನ ಮಡಕೆ ಹೊತ್ತು ಬಂದಳು. ಮಡಕೆಯೊಳಗೆ ಒದ್ದೆ ಮರಳು, ಮರಳಿನಲ್ಲಿ ಒಂದು ಬಟ್ಟಲು, ಬಟ್ಟಲಿನಲ್ಲಿ ಎರಡು ಇನ್ಸುಲಿನ್ ಸೀಸೆ. "ನೀವು ಸೀರೆ ಮಡಚಾಕ ಹೋದಾಗ, ಇವರು ಬಿಲ್ಲೆ ಹುಡುಕ್ತಿದ್ರಲ್ಲ, ಆವಾಗಲೇ ತೆಗೆದಿಟ್ಟೆ. ಅದರಾಗಿರೋದು ನನ್ನ ಕಣ್ಣಿನ ಔಷಧಿಯ ಖಾಲಿ ಸೀಸೆ. ಅವರ ಮುಂದೆ ಹೇಳಾಕ ಮನಸಾಗಲಿಲ್ಲ. ಅಷ್ಟು ಆಸೆಯಿಂದ ಮಾಡಿದ್ರು. ಅದಕ್ಕೇ ಆವಾಗಿಂದ ಕಾಫಿಗೆ ಕರೀತಿದ್ದೀನಿ, ನೀವು ಬರಬೇಕಲ್ಲ?"

ಟೀಚರ್ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು, ಆರಿದ ಕಾಫಿಯನ್ನು ಕೊನೆಯ ಹನಿಯವರೆಗೆ ಕುಡಿದರು.

ಮರುದಿನ ಬೆಳಿಗ್ಗೆ ಬಾಗಿಲಿಗೆ ಆಟೋ ಬಂದಾಗ ಮಡಕೆಯನ್ನು ಹೊತ್ತು ತಂದವರು ಚಿದಾನಂದಪ್ಪನವರೇ. ಬೇಸಿಗೆಯ ಆ ಧಗೆಯಲ್ಲಿ ತಲೆಗೆ ಮಂಕಿಕ್ಯಾಪು, ಕೊರಳಿಗೆ ಮಫ್ಲರು. ಮಡಕೆ ಅಲುಗದಂತೆ ಟೀಚರ್ ಕಾಲ ಬಳಿ ಇಟ್ಟು, ಸುತ್ತ ಟವೆಲ್ಲು ಒತ್ತರಿಸಿದರು.

ಅವರ ಕೆಂಪು ಕಣ್ಣು ನೋಡಿ ಗಂಗಮ್ಮ ಥರ್ಮಾಮೀಟರನ್ನು ಚೆನ್ನಾಗಿ ಜಾಡಿಸಿ ಗಂಡನ ಬಾಯಿಗಿಟ್ಟಳು. ತೆಗೆದು ಬೆಳಕಿಗೆ ಹಿಡಿದಳು. ಅದನ್ನು ಟೀಚರ್ ಕೈಗೆ ದಾಟಿಸಿದಳು. ಟೀಚರ್ ಓದಿ ಚಿದಾನಂದಪ್ಪನವರ ಕಡೆ ತಿರುಗಿಸಿದರು.

ಅವರ ಮುಖ ಎಷ್ಟೋ ಹೊತ್ತಿನ ಮೇಲೆ ಅರಳಿತು.

"ನೂರ ಮೂರು. ನಾನು ನಿನ್ನೆಯಿಂದ ಅದನ್ನೇ ಹೇಳ್ತಿದ್ದೀನಿ."