ಮುಖಪುಟಕ್ಕೆ ಹಚ್ಚಿದ ಕುಂಕುಮ

ಗ್ರಂಥಾಲಯ ವಿಜ್ಞಾನ ಓದಿದ್ದೇನೆ ಎಂದು ಹೇಳಿದಾಗ ಎದುರಿಗಿದ್ದವರ ಮುಖದಲ್ಲಿ ಮೂಡುವ ಅನುಕಂಪ ನನಗೆ ರೂಢಿಯಾಗಿ ಹೋಗಿದೆ. ತೊಂಬತ್ತರ ದಶಕದಲ್ಲಿ ಈ ಓದಿಗೆಂದು ನಾನು ಧಾರವಾಡಕ್ಕೆ ಹೊರಟಾಗ ನಮ್ಮ ದೊಡ್ಡಪ್ಪ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ, "ಪುಸ್ತಕ ಕಪಾಟಲ್ಲಿ ಇಡಲೆ ಎರಡು ವರ್ಷದ ಓದು ಬೇಕನಾ? ಹಂಗಾರೆ ತೆಗಿಯಲೆ ಎಷ್ಟು ವರ್ಷ ಬೇಕು?" ಎಂದು ಕೇಳಿದ್ದ. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅದು ಬಹಳ ಯೋಚನೆ ಮಾಡಿ ಕೇಳಿದ ಪ್ರಶ್ನೆಯೇ ಇರಬೇಕು. ಆ ಎರಡು ವರ್ಷ ನಮಗೆ ಪುಸ್ತಕದ ಶತ್ರುಗಳನ್ನು ಬಾಯಿಪಾಠ ಮಾಡಿಸಿದ್ದರು. ಗೆದ್ದಲು, ತೇವ, ಇಲಿ, ಬೆಂಕಿ, ಎರವಲು ಒಯ್ದ ಸ್ನೇಹಿತ. ಎಲ್ಲವಕ್ಕೂ ಉಪಾಯ ಹೇಳಿಕೊಟ್ಟರು. ಭಕ್ತಿಯ ವಿಷಯ ಮಾತ್ರ ಪಠ್ಯದಲ್ಲಿ ಇರಲಿಲ್ಲ.

ಓದು ಮುಗಿಸಿ ಶಿರಸಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಇವತ್ತು ಈ ಗೋಳು ಇರುತ್ತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಪಿಎಚ್.ಡಿ. ಮಾಡುವ ಹುಕಿ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಹಳೆಯ ಅಚ್ಚಿನ ಪುಸ್ತಕಗಳ ಚರಿತ್ರೆ ನನ್ನ ವಿಷಯ. ಪುಸ್ತಕದೊಳಗೆ ಏನಿದೆ ಎಂದಲ್ಲ, ಅದನ್ನು ಯಾರು, ಎಲ್ಲಿ, ಯಾವಾಗ ಅಚ್ಚು ಹಾಕಿದರು ಎಂದು. ಇದನ್ನು ಮಾವನ ಮನೆಯಲ್ಲಿ ವಿವರಿಸಿದಾಗ, "ಹಂಗಾರೆ ಪುಸ್ತಕ ಓದದೇ ಇಲ್ಯನಾ?" ಎಂದು ಅತ್ತೆ ಕೇಳಿದ್ದರು. ಆದರೂ ನೋಂದಣಿಯಾದ ಮರುದಿನದಿಂದಲೇ ಆ ಮನೆಯವರಿಗೆಲ್ಲ ನಾನು 'ಡಾಕ್ಟ್ರು' ಆಗಿಬಿಟ್ಟೆ. ಮದುವೆ ಮನೆಯೊಂದರಲ್ಲಿ ಯಾರೋ ಹಿರಿಯರು ಪಂಚೆ ಎತ್ತಿ ಮೊಣಕಾಲಿನ ಬಾವನ್ನೂ ತೋರಿಸಿದರು. ಮುಖ ಗಂಭೀರ ಮಾಡಿ ನೋಡಿ, ನಡೆಯುವುದನ್ನು ಕಡಿಮೆ ಮಾಡಿ ಎಂದು ಹೇಳಿ ಪಾರಾದೆ.

ನನ್ನ ಪ್ರಬಂಧವೆಲ್ಲ ನಿಂತದ್ದು ಒಂದೇ ಒಂದು ಪುಸ್ತಕದ ಮೇಲೆ. ಅದು ಸಿದ್ದಾಪುರದ ಕಡೆ ಮದುವೆಯಾಗಿ ಹೋದ ಗಂಗತ್ತೆಯ ಮನೆಯಲ್ಲಿತ್ತು. ಗಂಗತ್ತೆ ನನ್ನ ಅಪ್ಪನ ಚಿಕ್ಕಪ್ಪನ ಮಗಳು. ಅವಳ ಮಾವ ಭಾಗವತಿಕೆ ಮಾಡುತ್ತಿದ್ದವರು. ಅವರು ಕೈಯಲ್ಲಿ ಹಿಡಿದು ಹಾಡುತ್ತಿದ್ದ ಯಕ್ಷಗಾನ ಪ್ರಸಂಗದ ಪುಟ್ಟ ಪುಸ್ತಕ ಅದು. "ಅದು ಶಿರಸಿಲ್ಲೇ ಅಚ್ಚಾಗಿದ್ದು ತಮಾ. ನಮ್ಮನೆ ಮಾವ ಸಾಯ ತನಕಾ ಹೇಳ್ತಿದ್ದ" ಎಂದು ಗಂಗತ್ತೆ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಅಷ್ಟು ಹಿಂದೆ ನಮ್ಮೂರಲ್ಲಿ ಅಚ್ಚುಕೂಟ ಇತ್ತೆಂದು ಯಾರೂ ಬರೆದಿರಲಿಲ್ಲ. ಹಳೆಯ ಪುಸ್ತಕವೆಂದರೆ ಮಂಗಳೂರಿನದೋ ಮುಂಬಯಿಯದೋ ಎಂದೇ ಎಲ್ಲರೂ ತಿಳಿದಿದ್ದರು. ರಟ್ಟಿನ ಒಳಗಿನ ಮುಖಪುಟದಲ್ಲಿ ಊರು, ಇಸವಿ ನೋಡಿಬಿಟ್ಟರೆ ನಾನು ಗೆದ್ದಂತೆ.

ನೋಡಲು ಹೋದದ್ದು ದಸರಾ ರಜೆಯಲ್ಲಿ. ರಜೆ ಸಿಗುವುದೇ ಆಗ. ಪುಸ್ತಕ ದೇವರೊಳದಲ್ಲಿ, ಶಾರದೆಯ ಪಟದ ಮುಂದೆ, ಮಣೆಯ ಮೇಲೆ ಕುಳಿತಿತ್ತು. ಗಂಗತ್ತೆ ಬಾಗಿಲಿಗೆ ಅಡ್ಡ ನಿಂತು, "ಪೂಜೆಗೆ ಇಟ್ಟಾಜು ತಮಾ. ವಿಜಯದಶಮಿ ತನಕ ಮುಟ್ಟಲಾಗ, ಓದಲಾಗ" ಎಂದಳು. ನಾನು ಎರಡು ಮಾರು ದೂರ ಕುಳಿತು ನನ್ನ ಪಿಎಚ್.ಡಿ.ಗೆ ಮಂಗಳಾರತಿ ಆಗುವುದನ್ನು ನೋಡಿ, ಪಾಯಸ ಉಂಡು ಬಂದೆ. ವಿಜಯದಶಮಿಯಂದು ಮತ್ತೆ ಹೋದೆ. ಪುಸ್ತಕ ಕೈಗೆ ಬಂತು. ಮುಖಪುಟ ಮಾತ್ರ ಬರಲಿಲ್ಲ. ಅವಳ ಮಾವ ಸತ್ತ ಮೇಲೆ ರಟ್ಟು ಕಿತ್ತುಹೋಗಿತ್ತಂತೆ. ಅಂದಿನಿಂದ ಪ್ರತಿ ನವರಾತ್ರಿ ಗಂಧ, ಅರಿಶಿನ, ಕುಂಕುಮ ಎಲ್ಲ ಬಿದ್ದದ್ದು ನೇರ ಮುಖಪುಟಕ್ಕೆ. ಊರು, ಇಸವಿ ಇರಬೇಕಾದ ಜಾಗದಲ್ಲಿ ಕೆಂಪು ಹಕ್ಕಳೆ ಕಟ್ಟಿತ್ತು. ಒಳಗಿನ ಪುಟಗಳು ಮಾತ್ರ ಸ್ವಚ್ಛ, ಯಾರೂ ತೆರೆದಿರಲಿಲ್ಲವಲ್ಲ. ಅಲ್ಲೇ ಅಳು ಬರುವುದೊಂದು ಬಾಕಿ. "ನಾವು ಎಷ್ಟು ಚಂದ ಇಟ್ಕಂಡಿದ್ಯ ನೋಡು" ಎಂದಳು ಗಂಗತ್ತೆ.

ಇನ್ನೊಂದು ಪ್ರತಿ ಯಲ್ಲಾಪುರದಲ್ಲಿ, ನನ್ನ ಹೆಂಡತಿ ಸುಮಾಳ ಅಣ್ಣನ ಮನೆಯಲ್ಲಿ ಇದೆಯೆಂದು ಸುದ್ದಿ ಸಿಕ್ಕಿತು. ಸಿಕ್ಕಿದ ಬಸ್ಸು ಹತ್ತಿದೆ. ಭಾವ ಕಾಲು ತೊಳೆಯಲು ನೀರು ಕೊಟ್ಟು, ಕುಡಿಯಲು ಆಸರಿಗೆ ಕೊಟ್ಟು, ಕೊನೆಗೆ ಹೇಳಿದರು: "ಹೋದ ವರ್ಷ ಬಂದಿದ್ರೆ ಸಿಕ್ತಿತ್ತು ಭಾವ. ಪೂರಾ ಜೀರ್ಣ ಆಗಿತ್ತು. ದೇವ್ರ ಕತೆ ಇದ್ದಿದ್ದು, ಒಲೆಗೆ ಹಾಕಲಾಗ. ಮಾಗೋಡ ಬದಿಗೆ ಹೋದಾಗ ಬೇಡ್ತಿ ಹೊಳೆಗೆ ಬಿಟ್ಟಿಕ್ಕೆ ಬಂದೆ." ನನ್ನ ಮುಖ ನೋಡಿ ಅವರಿಗೆ ಕಸಿವಿಸಿಯಾಗಿರಬೇಕು. "ಸುಮ್ನೆ ಬಿಟ್ಟಿದ್ದಲ್ಲ, ಹೂವು ಅಕ್ಷತೆ ಹಾಕೇ ಬಿಟ್ಟಿದ್ದು" ಎಂದು ಸಮಾಧಾನ ಮಾಡಿದರು.

ಧಾರವಾಡದಲ್ಲಿ ನನ್ನ ಮಾರ್ಗದರ್ಶಕರು ಬಿಸಿಲಿನಂಥ ಖಡಕ್ ಮನುಷ್ಯ. "ಮುಖಪುಟ ತೋರಸ್ರಿ ಮೊದಲ" ಎಂದರು. "ನಿಮ್ಮ ಅತ್ತಿ ಹೇಳಿದ್ದನ್ನ ಅಡಿಟಿಪ್ಪಣಿಯೊಳಗ ಹೆಂಗ ಹಾಕೂದು? ಮುಂದಿನ ವರ್ಷಕ್ಕ ನಿಮ್ಮ ನೋಂದಣಿ ಮುಗೀತದ. ಆಮ್ಯಾಲೆ ನಾನೂ ಏನೂ ಮಾಡಾಕ ಬರೂದಿಲ್ಲ." ವಾಪಸು ಬರುವಾಗ ಯಾರಾದರೂ ನನ್ನನ್ನು ಡಾಕ್ಟ್ರೇ ಎಂದು ಕರೆದಿದ್ದರೆ ಜಗಳವೇ ಆಗುತ್ತಿತ್ತು.

ಆಗ ನನಗೆ ಕಂಪ್ಯೂಟರ್ ದೇವರಾಗಿ ಬಂತು. ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಬಗ್ಗೆ ಒಂದು ಕಮ್ಮಟಕ್ಕೆ ಹೋಗಿದ್ದೆ. ಪುಟವನ್ನು ಸ್ಕ್ಯಾನ್ ಮಾಡಿ ಚಿತ್ರದಿಂದ ಕೆಂಪು ಬಣ್ಣವನ್ನು ಅಳಿಸಿದರೆ ಅಡಿಯ ಕಪ್ಪು ಅಕ್ಷರ ಮೇಲೆ ಬರುತ್ತದೆ ಎಂದು ಅಲ್ಲಿ ತೋರಿಸಿದ್ದರು. ನಮ್ಮ ಕಾಲೇಜಿಗೂ ಹೊಸದಾಗಿ ಸ್ಕ್ಯಾನರ್ ಬಂದಿತ್ತು. ಪುಸ್ತಕ ಕೊಡು ಎಂದರೆ ಗಂಗತ್ತೆ ಕೊಡಲಿಲ್ಲ. ಪಟ್ಟೆವಸ್ತ್ರದಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು, ತಾನೇ ಬಸ್ಸಿನಲ್ಲಿ ಶಿರಸಿಗೆ ಬಂದಳು. ಗ್ರಂಥಾಲಯದ ಹೊರಗೆ ಚಪ್ಪಲಿ ಬಿಟ್ಟಳು. ಸ್ಕ್ಯಾನರಿನ ಬೆಳಕು ಪುಟದ ಅಡಿಯಲ್ಲಿ ಮೆಲ್ಲಗೆ ಸರಿದಾಗ ಎರಡೂ ಕೈ ಜೋಡಿಸಿ, "ಆರತಿ ಎತ್ತಿದಾಂಗೇ ಕಾಣ್ತಲೋ" ಎಂದಳು. ನಾನು ಕೆಂಪನ್ನು ಕಡಿಮೆ ಮಾಡುತ್ತ ಹೋದೆ. ಪರದೆಯ ಮೇಲೆ ಮೊದಲು 'ರ' ಕಂಡಿತು, ಆಮೇಲೆ ಅದರ ಆಚೀಚೆ ಮಸುಕು ಮಸುಕಾಗಿ 'ಶಿ', 'ಸಿ'. ಕೆಳಗೆ ಇಸವಿ. ನಾನು ಕುರ್ಚಿಯಿಂದ ಎದ್ದು ಅತ್ತೆಯ ಕಾಲಿಗೆ ಬಿದ್ದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಸುಮಾ ಇದನ್ನು ಓದುವುದಿಲ್ಲ.) ಆ ಹುರುಪಿನಲ್ಲಿ, "ಇನ್ನು ಹೆದ್ರಿಕೆ ಇಲ್ಲೆ ಅತ್ತೆ, ಕಂಪ್ಯೂಟರಿಗೆ ಹೋತು. ಇನ್ನು ಇದು ಶಾಶ್ವತ" ಎಂದೂ ಹೇಳಿದೆ.

ಗಂಗತ್ತೆ ನನ್ನ ಮಾತನ್ನು ನಂಬಿದಳು. ನನ್ನ ಮಾತನ್ನು ಪೂರ್ತಿ ನಂಬಿದ ವ್ಯಕ್ತಿ ಈ ಭೂಮಿಯ ಮೇಲೆ ಅವಳೊಬ್ಬಳೇ, ಅದೂ ಅದೊಂದೇ ಸಲ. ಮಳೆಗಾಲ ಮುಗಿಯುವಾಗ ಅವಳ ಮನೆಗೆ ಹೋದರೆ ಮಣೆ ಖಾಲಿ. "ಜೀರ್ಣ ಆಗಿತ್ತಲ ತಮಾ. ಶಾಶ್ವತ ಆತು ಹೇಳಿ ನೀನೇ ಹೇಳಿದ್ಯಲಾ. ಒಳ್ಳೆ ದಿನ ನೋಡಿ ಅಘನಾಶಿನಿಗೆ ಬಿಟ್ಟಾತು" ಎಂದಳು. ಹೂವು ಅಕ್ಷತೆ ಹಾಕಿದ್ದೆಯಾ ಎಂದು ನಾನು ಕೇಳಲಿಲ್ಲ.

ಆದರೂ ಧೈರ್ಯವಿತ್ತು, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು. ಕಾಲೇಜಿಗೆ ಮರಳಿದರೆ ಕಂಪ್ಯೂಟರ್ ರಿಪೇರಿಯವನು ಬಂದು ಹೋಗಿದ್ದ. "ವೈರಸ್ ಬಂದಿತ್ತು ಸರ್, ಪೂರಾ ತೊಳೆದ ಹಾಗೆ ಮಾಡಿಟ್ಟಿದ್ದೇನೆ" ಎಂದು ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಆದರೆ ನಾನು ಓದಿದವನು. ಪ್ರತಿಯಿಲ್ಲದೆ ಏನನ್ನೂ ಇಡಬಾರದು ಎಂದು ಕಮ್ಮಟದಲ್ಲಿ ಹೇಳಿದ್ದರು. ಒಂದು ಸಿ.ಡಿ.ಗೆ ಹಾಕಿ ಮನೆಗೆ ತಂದು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಪುಸ್ತಕದ ಹೆಸರು, ಊರು, ಇಸವಿ ಬರೆದು ಇಟ್ಟಿದ್ದೆ. ಪ್ರಬಂಧವನ್ನೂ ಬರೆದು ಮುಗಿಸಿ, ದಸರಾ ಮುಗಿದ ಕೂಡಲೇ ಎರಡನ್ನೂ ಒಟ್ಟಿಗೆ ಧಾರವಾಡಕ್ಕೆ ಒಯ್ಯುವುದು ಎಂದುಕೊಂಡೆ.

ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಪೂಜೆ ನನ್ನದೇ. ಮಕ್ಕಳ ಪಠ್ಯಪುಸ್ತಕ, ಸುಮಾಳ ಹಾಡಿನ ಪುಸ್ತಕ, ನನ್ನ ಪ್ರಬಂಧದ ಕಟ್ಟು ಎಲ್ಲ ಮಣೆಯ ಮೇಲಿಟ್ಟೆ. ಇಷ್ಟು ದೊಡ್ಡ ವಿದ್ಯೆಯನ್ನು ಕೆಳಗೆ ಬಿಡುವುದು ಹೇಗೆಂದು ಸಿ.ಡಿ.ಯನ್ನೂ ತಂದು, ಕಾಲುದೀಪಕ್ಕೆ ಒರಗಿಸಿ ನಿಲ್ಲಿಸಿದೆ. ಹೊಳೆಯುವ ಬದಿಯಲ್ಲಿ ಕಾಮನಬಿಲ್ಲು ಮೂಡಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಮಂತ್ರ ಹೇಳುತ್ತ ಒಂದೊಂದಕ್ಕೇ ಗಂಧ, ಕುಂಕುಮ ಹಚ್ಚುತ್ತ ಬಂದೆ. ಬಾಯಿಗೆ ಮಂತ್ರ ಗೊತ್ತು, ಕೈಗೆ ಕೆಲಸ ಗೊತ್ತು, ನಡುವೆ ನನ್ನನ್ನು ಯಾರೂ ಕೇಳಲಿಲ್ಲ. ಯಂತ್ರ ಓದುವ ಹೊಳೆಯುವ ಬದಿಗೇ ಗಂಧ ಮೆತ್ತಿದ್ದೇನೆಂದು ಅರ್ಥವಾದದ್ದು ಮರುದಿನ ಸ್ನಾನ ಮಾಡುವಾಗ. ಒದ್ದೆ ಮೈಯಲ್ಲೇ ದೇವರ ಕೋಣೆಗೆ ಓಡಿದೆ. ಸುಮಾ ಬಾಗಿಲಿಗೆ ಅಡ್ಡ ನಿಂತಳು. "ಎಂತ ಮಾಡ್ತ್ರಿ? ವಿಜಯದಶಮಿ ತನಕ ಮುಟ್ಟಲಾಗ."

ವಿಜಯದಶಮಿಯ ಹೊತ್ತಿಗೆ ಗಂಧ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ದೀಪದ ಕಾವಿಗೆ ಸಿ.ಡಿ. ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ತೊಳೆದೆ, ಉಜ್ಜಿದೆ, ಉಗುರಿನಲ್ಲಿ ಕೆರೆದೆ. ಕಂಪ್ಯೂಟರಿಗೆ ಹಾಕಿದರೆ ಅದು ಸ್ವಲ್ಪ ಹೊತ್ತು ನರಳಿ ಹೊರಗೆ ತಳ್ಳಿತು. ನೋಂದಣಿ ಮುಗಿಯಿತು. ಮಾರ್ಗದರ್ಶಕರು, "ನಿಮ್ಮೂರಾಗ ಅಚ್ಚುಕೂಟ ಇತ್ತಂತ ನೀವೊಬ್ರ ನಂಬ್ರಿ" ಎಂದರು. ನಂಬಿದ್ದೇನೆ. ಕಣ್ಣಾರೆ ಕಂಡಿದ್ದೇನಲ್ಲ. ಆದರೆ ಹೇಳಿದರೆ ನಾನೂ ಈಗ ಗಂಗತ್ತೆಯ ಸಾಲಿಗೆ ಸೇರಿದವನು, ಅಡಿಟಿಪ್ಪಣಿಗೆ ಬಾರದವನು. ಗಂಗತ್ತೆಗೆ ವಿಷಯ ತಿಳಿದಾಗ, "ಪೂಜೆ ಆಗಿದ್ದು, ಹಾಳಾಗಿದ್ದಲ್ಲ ಬಿಡು" ಎಂದಳು. ಹಾಗೆಂದು ನಂಬಲು ನನಗೆ ಇನ್ನೂ ಸಾಧ್ಯವಾಗಿಲ್ಲ.

ಸಿ.ಡಿ.ಯನ್ನು ಎಸೆಯಲೂ ಮನಸ್ಸಾಗಲಿಲ್ಲ, ಹೊಳೆಗೆ ಬಿಡಲೂ ಮನಸ್ಸಾಗಲಿಲ್ಲ. ಮುಂದೆ ಎಂದಾದರೂ ಇಂಥದ್ದನ್ನೂ ಓದುವ ಯಂತ್ರ ಬಂದೀತೆಂದು ದೇವರ ಕೋಣೆಯಲ್ಲೇ ಇಟ್ಟಿದ್ದೇನೆ. ಪ್ರತಿ ನವರಾತ್ರಿ ಅದಕ್ಕೂ ಪೂಜೆಯಿದೆ. ಈಗ ನಾನು ಬಹಳ ಎಚ್ಚರಿಕೆಯ ಮನುಷ್ಯ. ಹೊಳೆಯುವ ಬದಿಯನ್ನು ಅಪ್ಪಿತಪ್ಪಿಯೂ ಮುಟ್ಟುವುದಿಲ್ಲ, ಮಗುಚಿ ಇಟ್ಟು ಬರೆದ ಬದಿಗೇ ಗಂಧ ಕುಂಕುಮ ಹಚ್ಚುತ್ತೇನೆ. ಹೋದ ವರ್ಷ ನೋಡಿದೆ, ಅದರ ಮೇಲೆ ನಾನು ಬರೆದಿದ್ದ ಊರು, ಇಸವಿ ಯಾವುದೂ ಈಗ ಓದಲು ಬರುತ್ತಿಲ್ಲ.